ಗಂಜ್‌ಗೆ ಯಾವ ಗಾಡಿ: ಸೂಪರ್ ಕ್ಯಾರಿನಾ, ಇಂಟ್ರಾನಾ?

ಕಲಬುರಗಿ ಗಂಜ್‌ಗೆ, ಅಂದ್ರೆ ಧಾನ್ಯದ ಮಾರುಕಟ್ಟೆಗೆ, ತೊಗರಿ ಸಾಗಿಸಲು ಸಣ್ಣ ಪಿಕಪ್ ಬೇಕಾ? ಮೊದಲು ಚೀಲ ಎಣಿಸಿ, ಬಣ್ಣ ಆಮೇಲೆ ನೋಡಿ.

ಮಾರುತಿ ಸೂಪರ್ ಕ್ಯಾರಿ ಪೆಟ್ರೋಲ್ ಗಾಡಿ ಹೊರುವುದು 740 ಕಿಲೋ. ಅಂದ್ರೆ 50 ಕಿಲೋದ 14 ಚೀಲ. ಸಿಎನ್‌ಜಿ ತಗೊಂಡರೆ 625ಕ್ಕೆ ಇಳಿಯುತ್ತದೆ, ಎರಡು ಚೀಲ ಕಟ್. ಖರ್ಚು ಕಡಿಮೆ ನಿಜ, ಆದರೆ ನೀವು ಓಡಾಡುವ ದಾರಿಯಲ್ಲೇ ಗ್ಯಾಸ್ ಬಂಕ್ ಇರಬೇಕಲ್ವಾ?

ಟಾಟಾ ಇಂಟ್ರಾ ವಿ30 ಡೀಸೆಲ್ ಗಾಡಿ. ಎಂಜಿನ್ 1496 ಸಿಸಿ, ಹೊರುವುದು 1300 ಕಿಲೋ, ಅಂದ್ರೆ 26 ಚೀಲ. ಎಸಿ ಇರುವುದೂ ಸಿಗುತ್ತದೆ. ಶೋಕಿ ಅಂತ ನಗಬೇಡಿ. ಮೇ ತಿಂಗಳ ಮಧ್ಯಾಹ್ನ ಸ್ಟೇರಿಂಗ್ ಮುಟ್ಟಿದರೆ ಕಾದ ಹಂಚು ಮುಟ್ಟಿದ ಹಾಗೆ. ದಿನಾ ಆಳಂದಕ್ಕೆ ಹೋಗಿ ಬರುವವರು ಎಸಿಗೇ ದುಡ್ಡು ಹಾಕಲಿ, ಟೇಪು ಸ್ಪೀಕರ್ ಆಮೇಲೆ.

ಮಳೆಗಾಲದ ಎರೆ ಹೊಲಕ್ಕೆ ಎರಡನ್ನೂ ಇಳಿಸಬೇಡಿ. ಬಾಡಿ ಖಾಲಿ ಇದ್ದರೆ ಹಿಂದಿನ ಗಾಲಿ ನಿಂತಲ್ಲೇ ಸುಮ್ನೆ ತಿರುಗುತ್ತದೆ. ನಮ್ಮ ಗಾಡಿಯನ್ನು ಒಮ್ಮೆ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದಾಯಿತು.

ಸಿಟಿಯೊಳಗೆ ಹಾಲು, ತರಕಾರಿ ಅಷ್ಟೇ ಅಂದ್ರೆ ಸೂಪರ್ ಕ್ಯಾರಿ ಸಾಕು. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದ ಸಂದಿಯಲ್ಲಿ ಸಲೀಸಾಗಿ ತಿರುಗುತ್ತದೆ. ತೊಗರಿ ಇದ್ದರೆ ನನ್ನ ಮಾತು ಇಂಟ್ರಾಗೇ.