ಹಾರ್ನಡಿ ಎಕ್ಸ್‌ಟಿಪಿ 240 ಗ್ರೇನ್, .44 ಮ್ಯಾಗ್ನಂ: ಹಲವು ಸೀಸನ್‌ಗಳ ಬಳಕೆಯ ನಂತರ

ಹಾರ್ನಡಿ ಕಂಪನಿಯ ಎಕ್ಸ್‌ಟಿಪಿ ಎಂದರೆ ಮೂತಿಯಲ್ಲಿ ಕುಳಿಯಿದ್ದು ತಗುಲಿದಾಗ ಅರಳುವ ಗುಂಡು, .44 ಮ್ಯಾಗ್ನಂ ಅದನ್ನು ಹಾರಿಸುವ ತೋಟಾದ ಬಗೆ, ಗ್ರೇನ್ ಗುಂಡಿನ ತೂಕದ ಅಳತೆ. ಈ ಬರಹ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ರಿವಾಲ್ವರಿನಿಂದ ವೈಟ್‌ಟೇಲ್ ಜಿಂಕೆ ಬೇಟೆಯಾಡುವವರಿಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ.

ಗುಂಡಿನ ತೂಕವನ್ನಷ್ಟೇ ನೋಡಿ ಕೊಳ್ಳಬೇಡಿ. ಅದು ಯಾವ ವೇಗಕ್ಕೆ ಅರಳುತ್ತದೆ ಎಂಬುದು ಹೆಚ್ಚು ಮುಖ್ಯ. ಏಳೂವರೆ ಇಂಚಿನ ನಳಿಗೆಯಿಂದ ಈ ಗುಂಡು ಸೆಕೆಂಡಿಗೆ ಸುಮಾರು 1,350 ಅಡಿ ವೇಗದಲ್ಲಿ ಹೊರಡುತ್ತದೆ, 100 ಗಜ ತಲುಪುವಾಗ 1,100ರ ಆಸುಪಾಸಿಗೆ ಇಳಿದಿರುತ್ತದೆ. ಈ ಅಂತರದಲ್ಲಿ ಮೂತಿಯ ಕುಳಿ ಅಣಬೆಯಂತೆ ಅರಳಿದರೂ ಗುಂಡು ಚೂರಾಗುವುದಿಲ್ಲ. ಅಡ್ಡ ನಿಂತ ಜಿಂಕೆಯ ಎರಡೂ ಶ್ವಾಸಕೋಶ ಸೀಳಿ ಬಹುಮಟ್ಟಿಗೆ ಆಚೆ ಬದಿಯಿಂದ ಹೊರಬೀಳುತ್ತದೆ. ಹೊರಬೀಳಲೇಬೇಕು, ಆಚೆಯ ತೂತಿಲ್ಲದಿದ್ದರೆ ರಕ್ತದ ಜಾಡು ತೆಳುವಾಗಿ ಗಾಯಗೊಂಡ ಪ್ರಾಣಿ ಕೈತಪ್ಪುತ್ತದೆ.

ಇದೇ ಸರಣಿಯ 200 ಗ್ರೇನ್ ಬೇಗ ಅರಳುತ್ತದೆ, ಹೆಗಲ ಮೂಳೆಗೆ ತಗುಲಿದರೆ ಆಳಕ್ಕೆ ಇಳಿಯುವ ಭರವಸೆಯಿಲ್ಲ. 300 ಗ್ರೇನ್ ದೊಡ್ಡ ಪ್ರಾಣಿಗಳಿಗೆ ಸರಿ. ಜಿಂಕೆಯ ತೆಳು ಪಕ್ಕೆಲುಬಿಗೆ ನಿಧಾನವಾಗಿ ಬಂದರೆ ಅದು ಸರಿಯಾಗಿ ಅರಳದೆಯೇ ದಾಟಿಹೋಗಬಹುದು. ಒದೆತವೂ ಹೆಚ್ಚು, ಗುಂಡು ಗುರಿಗಿಂತ ಮೇಲೆ ಬೀಳುತ್ತದೆ, ಗುರಿ ಹಿಡಿಯುವ ಸೈಟ್ ಮತ್ತೆ ಹೊಂದಿಸಬೇಕು. ಅರಳದ ಗಟ್ಟಿ ಸೀಸದ ಗುಂಡೇ ಬೇಕೆಂದರೆ ಅಗಲ ಚಪ್ಪಟೆ ಮೂತಿಯದನ್ನೇ ಆರಿಸಿ. ಪೂರ್ತಿ ತಾಮ್ರ ಹೊದಿಸಿದ ದುಂಡು ಮೂತಿಯ ಗುಂಡು ಬೇಡವೇ ಬೇಡ, ಹಲವು ರಾಜ್ಯಗಳಲ್ಲಿ ಅದಕ್ಕೆ ನಿಷೇಧವೂ ಇದೆ.

ತೋಟಾ ತಾವೇ ತುಂಬಿಕೊಳ್ಳುವವರು ಎಡವುವುದು ಕ್ರಿಂಪ್‌ನಲ್ಲಿ. ಕೇಸಿನ, ಅಂದರೆ ಮದ್ದು ತುಂಬುವ ಲೋಹದ ಕೊಳವೆಯ, ಬಾಯಿ ಗುಂಡಿನ ಸುತ್ತಲ ಗೀರಿನೊಳಗೆ ಬಿಗಿಯಾಗಿ ಮಡಚಿಕೊಳ್ಳದಿದ್ದರೆ, ಪ್ರತಿ ಒದೆತಕ್ಕೂ ಉಳಿದ ಗುಂಡುಗಳು ಮುಂದಕ್ಕೆ ಸರಿಯುತ್ತವೆ. ಕೊನೆಗೆ ಮೂತಿ ಸಿಲಿಂಡರಿನಿಂದ ಹೊರಚಾಚಿ ಅದು ತಿರುಗದೆ ಸಿಕ್ಕಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಆರನೆಯ ತೋಟಾದ ಉದ್ದ ಕ್ಯಾಲಿಪರಿನಲ್ಲಿ ಅಳೆದಿಡಿ, ಐದು ಹಾರಿಸಿ, ಅದನ್ನೇ ಮತ್ತೆ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಕಂತನ್ನು ಕಾಡಿಗೆ ಒಯ್ಯಬೇಡಿ.

ಇದೇ ತೋಟಾವನ್ನು ಕಾರ್ಬೈನಿಗೆ (ಗಿಡ್ಡ ರೈಫಲ್ಲಿಗೆ) ಹಾಕಿದರೆ ವೇಗ ಬಹಳ ಏರುತ್ತದೆ. ಹತ್ತಿರದಿಂದ ಹೊಡೆದಾಗ ಗುಂಡು ಅತಿಯಾಗಿ ಅರಳಿ ಹೆಗಲ ಮಾಂಸ ಹಾಳಾಗುತ್ತದೆ.

ದೊಡ್ಡ ಕೊರತೆ ಒಳಗಿನ ಸೀಸ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ, ಹಾಗಾಗಿ ಅಲ್ಲಿ ಇದು ನಡೆಯದು. ಬಾರ್ನ್ಸ್ ಎಕ್ಸ್‌ಪಿಬಿ 225 ಗ್ರೇನಿನಂಥ ಪೂರ್ಣ ತಾಮ್ರದ್ದು ನೋಡಿ. ತಾಮ್ರ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗಿ, ಕೇಸಿನೊಳಗೆ ಹೆಚ್ಚು ಜಾಗ ಹಿಡಿಯುತ್ತದೆ. ಎಕ್ಸ್‌ಟಿಪಿಯ ಮದ್ದಿನ ಅಳತೆಯನ್ನು ಅದಕ್ಕೆ ಬಳಸಕೂಡದು.

ದೂರದ ಮಿತಿ ಗುಂಡಿನದಲ್ಲ, ಕೈಯದು. ಬೇಟೆಯಲ್ಲಿ ಕೂರುವ ಭಂಗಿಯಲ್ಲೇ ಕೂತು ಆರಕ್ಕೆ ಆರೂ ಆರಿಂಚಿನ ತಟ್ಟೆಯೊಳಗೆ ಬೀಳುವ ದೂರ 50 ಗಜವಾದರೆ, 60 ಗಜದಲ್ಲಿ ನಿಂತ ಜಿಂಕೆಗೆ ಗುಂಡು ಹಾರಿಸಬೇಡಿ.