ಬೆರಕೆ ಕಾಫಿ ಪುಡಿಗೆ ತೆರಿಗೆ ಎಷ್ಟು? ಐದು ವರ್ಷ ಕೇಳಿದ ಅನುಭವ

ತೋಟದ ಕಾಫಿಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ಮಾರಲು ಶುರು ಮಾಡಿ ಐದು ವರ್ಷವಾಯಿತು. ಅಷ್ಟೂ ವರ್ಷ ಜುಲೈ ಬಂತೆಂದರೆ ಆದಾಯ ತೆರಿಗೆಯವರ ಸಹಾಯವಾಣಿ, ದೂರಿನ ಪುಟ, ಕಚೇರಿ ಕೌಂಟರ್ ಮೂರನ್ನೂ ಬಳಸಿದ್ದೇನೆ. ಪಾಸ್‌ವರ್ಡ್, ರಿಫಂಡ್ ವಿಷಯ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ನನಗೆ ಬೇಕಿದ್ದದ್ದು ಒಂದೇ ಒಂದು ಪ್ರಶ್ನೆಗೆ ಉತ್ತರ.

ಆಗಿನ 1962ರ ಆದಾಯ ತೆರಿಗೆ ನಿಯಮಗಳಲ್ಲಿ 7ಬಿ ಅಂತ ಒಂದಿತ್ತು. ಬೆಳೆದವರೇ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿ ಮಾರಿದರೆ ಲಾಭದ 25% ವ್ಯಾಪಾರದ ಆದಾಯ, ಉಳಿದದ್ದು ಕೃಷಿ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ, 40%. ಅಂದರೆ ಪುಡಿಯಲ್ಲಿ 1 ಲಕ್ಷ ಲಾಭ ಬಂದರೆ 40,000 ವ್ಯಾಪಾರಕ್ಕೆ, 60,000 ಕೃಷಿಗೆ. ಇಷ್ಟನ್ನು ಆಡಿಟರ್ ಬಿಡಿಸಿ ಹೇಳಿದ್ದರು. ಆದರೆ ನಮ್ಮ ತೋಟದಲ್ಲಿರುವುದು ಅರೇಬಿಕಾ ಮಾತ್ರ. ಡಿಕಾಕ್ಷನ್ ಗಟ್ಟಿ ಬರಬೇಕು ಅನ್ನುವವರಿಗಾಗಿ ಪಕ್ಕದ ತೋಟದ ರೋಬಸ್ಟಾ ಕೊಂಡು ತಂದು ಒಂದೇ ಡ್ರಮ್ಮಿಗೆ ಹಾಕಿ ಹುರಿಯುತ್ತೇನೆ. ಆ ಬೆರಕೆ ಪುಡಿಗೆ ಯಾವ ಲೆಕ್ಕ?

ಸಹಾಯವಾಣಿಗೆ ಫೋನ್ ಮಾಡುವ ದಿನ ನನ್ನದೊಂದು ಕ್ರಮವಿದೆ. ಫಿಲ್ಟರಿಗೆ ಪುಡಿ ಹಾಕಿ, ಮೆಲ್ಲಗೆ ಒತ್ತಿ, ಕುದಿವ ನೀರು ಸುರಿದು ಮುಚ್ಚಿ ನಂಬರ್ ಒತ್ತುತ್ತೇನೆ. ಡಿಕಾಕ್ಷನ್ ಪೂರ್ತಿ ಇಳಿಯುವ ಹೊತ್ತಿಗೆ ಯಾರಾದರೂ ಸಿಗುತ್ತಾರೆ. ಹಾಲು ಕಾಯುವಷ್ಟರಲ್ಲಿ ಪ್ರಶ್ನೆ ಹೇಳಿ ಮುಗಿಸಿರುತ್ತೇನೆ. ಒಂದು ವರ್ಷ "ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಸರ್" ಅಂದರು. ಮರುವರ್ಷ "ನಿಮ್ಮ ಆಡಿಟರನ್ನೇ ಕೇಳಿ". ಬರೆದು ಕೇಳೋಣ ಅಂತ ದೂರಿನ ಪುಟದಲ್ಲಿ ಹಾಕಿದರೆ, ಯಾವ ಫಾರಂ ತುಂಬಬೇಕು ಅಂತ ಎರಡು ಸಾಲು ಕಳಿಸಿ "ಪರಿಹರಿಸಲಾಗಿದೆ" ಅಂತ ಮುಚ್ಚಿಬಿಟ್ಟರು. ಸಿಟ್ಟು ಬಂದದ್ದು ಇಲ್ಲಿಯೇ. ಗೊತ್ತಿಲ್ಲ ಅಂದಿದ್ದರೆ ನಾನು ಬೇರೆ ಕಡೆ ಕೇಳುತ್ತಿದ್ದೆ. ಉತ್ತರವೇ ಕೊಡದೆ ಪರಿಹಾರ ಅಂತ ಬರೆದುಕೊಂಡರೆ ಕೇಳಿದವನು ಎಲ್ಲಿಗೆ ಹೋಗಬೇಕು? ನಾಳೆ ನೋಟಿಸ್ ಬಂದರೆ ಬರುವುದು ನನ್ನ ಹೆಸರಿಗೆ ತಾನೆ?

ಮುಂಗಡ ನಿರ್ಣಯದ, ಅಂದರೆ ತೆರಿಗೆ ಹೇಗೆ ಬೀಳುತ್ತದೆ ಅಂತ ಮೊದಲೇ ಕೇಳಿ ಅಧಿಕೃತ ತೀರ್ಮಾನ ಪಡೆಯುವ, ದಾರಿಯನ್ನೂ ವಿಚಾರಿಸಿದೆ. ಜಿಎಸ್‌ಟಿಯಲ್ಲಾದರೆ ಕೇಂದ್ರಕ್ಕೆ ₹5,000, ರಾಜ್ಯಕ್ಕೆ ₹5,000 ಕಟ್ಟಿ ಸಣ್ಣ ವ್ಯಾಪಾರಿಯೂ ಕೇಳಬಹುದು, 90 ದಿನದಲ್ಲಿ ಬರಹದಲ್ಲೇ ತೀರ್ಮಾನ ಕೊಡಬೇಕು. ಆದಾಯ ತೆರಿಗೆಯಲ್ಲಿ ಇಲ್ಲೇ ವಾಸವಿರುವವರು ತಮ್ಮ ತೆರಿಗೆಯ ಬಗ್ಗೆ ಹಾಗೆ ಕೇಳಬೇಕಾದರೆ ವ್ಯವಹಾರ 100 ಕೋಟಿ ಇರಬೇಕು. ನನ್ನದು ವಾರಕ್ಕೆ ನಲವತ್ತು ಕೆ.ಜಿ. ಪುಡಿ.

ನಾಲ್ಕನೇ ವರ್ಷ ಕೌಂಟರಿಗೆ ಹೋಗುವಾಗ ಕೇಳುವ ರೀತಿ ಬದಲಿಸಿದೆ. ಅರ್ಧ ಹಾಳೆಯಲ್ಲಿ ನಿಯಮದ ಸಂಖ್ಯೆ, ನಮ್ಮ ಬೀಜ ಎಷ್ಟು, ಕೊಂಡದ್ದು ಎಷ್ಟು ಅಂತ ಬರೆದು, ಕೆಳಗೆ ಒಂದೇ ಪ್ರಶ್ನೆ: "ಕೊಂಡ ಬೀಜದ ಲಾಭಕ್ಕೂ 40% ಲೆಕ್ಕ ಸಲ್ಲುತ್ತದೆಯೇ?" ನಿವೃತ್ತಿಗೆ ಹತ್ತಿರವಿದ್ದಂತಿದ್ದ ಅಧಿಕಾರಿಯೊಬ್ಬರು ಎರಡು ಸಲ ಓದಿದರು. ಕಪಾಟಿನಿಂದ ದಪ್ಪ ಪುಸ್ತಕ ತೆಗೆದು, ಅಂಚು ಸವೆದ ಪುಟ ತೆರೆದು, "ಬೆಳೆದ" ಅನ್ನುವ ಪದದ ಕೆಳಗೆ ಪೆನ್ಸಿಲ್ ಇಟ್ಟು ತೋರಿಸಿದರು. "ನೀವು ಬೆಳೆದದ್ದಕ್ಕೆ ಮಾತ್ರ. ಕೊಂಡದ್ದು ಪೂರ್ತಿ ವ್ಯಾಪಾರ. ತೂಕದ ಪುಸ್ತಕ ಬೇರೆ ಇಡಿ ಯಜಮಾನರೇ, ಹುರಿದಾಗ ಕಮ್ಮಿಯಾಗುವ ತೂಕವನ್ನೂ ಬರೆಯಿರಿ." ಐದು ನಿಮಿಷವೂ ಹಿಡಿಯಲಿಲ್ಲ. ಕಟ್ಟಬೇಕಾದ ತೆರಿಗೆ ಜಾಸ್ತಿಯಾಯಿತು, ಆದರೂ ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಈಗ ಡ್ರಮ್ಮಿನ ಪಕ್ಕ ಎರಡು ಪುಸ್ತಕ ಇವೆ, ಹಸಿರು ರಟ್ಟಿನದು ನಮ್ಮ ತೋಟಕ್ಕೆ, ಕೆಂಪು ರಟ್ಟಿನದು ಕೊಂಡದ್ದಕ್ಕೆ. ಕಿಲೋ ಬೀಜ ಹುರಿದರೆ 850 ಗ್ರಾಂ ಆಸುಪಾಸು ಉಳಿಯುತ್ತದೆ, ಅದನ್ನೂ ಆಯಾ ದಿನವೇ ಬರೆಯುತ್ತೇನೆ. ನೀವು ಕೇಳಲು ಹೋಗುವುದಾದರೆ ಒಂದು ಮಾತು: 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಈಗಿನ ನಿಯಮದ ಸಂಖ್ಯೆ ನೋಡಿಕೊಂಡೇ ಹಾಳೆ ಬರೆಯಿರಿ.

ಸಹಾಯವಾಣಿಗೆ ಐದಕ್ಕೆ ಒಂದೂವರೆ ಅಂಕ, ಕೌಂಟರಿಗೆ ನಾಲ್ಕು. ಅವರು ಬಾಯಲ್ಲಿ ಹೇಳಿದ್ದನ್ನೇ ಸಹಿ ಹಾಕಿ ಕೊಟ್ಟ ದಿನ ಉಳಿದ ಒಂದನ್ನೂ ಕೊಡುತ್ತೇನೆ.