ಗ್ರಾಫಿಕ್ಸ್ ಕಾರ್ಡಿಗೆ ಫ್ಯಾನ್ ಬೇಕೇ, ಹೀಟ್ ಸಿಂಕ್ ಒಂದೇ ಸಾಕೇ?

ಫ್ಯಾನ್ ಇಲ್ಲದೆ, ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ಹೀಟ್ ಸಿಂಕ್ ಒಂದರಿಂದಲೇ ತಣಿಯುವ ಗ್ರಾಫಿಕ್ಸ್ ಕಾರ್ಡುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಲವಿದೆ. ತಿರುಗುವ ಭಾಗವೇ ಇಲ್ಲದ ಕಾರಣ ಅವು ಸದ್ದು ಮಾಡುವುದಿಲ್ಲ, ಅವುಗಳಲ್ಲಿ ಬೇರಿಂಗ್ ಸವೆಯುವ ಪ್ರಶ್ನೆಯೂ ಬರುವುದಿಲ್ಲ. ಆದರೆ ಕಾರ್ಡ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕಾದ್ದರಿಂದ, ಇವುಗಳ ಯೋಗ್ಯತೆಯನ್ನು ಮೊದಲು ವ್ಯಾಟ್ ಲೆಕ್ಕದಲ್ಲಿ ನೋಡಬೇಕು.

2017ರಲ್ಲಿ ಬಂದ ಜಿಫೋರ್ಸ್ ಜಿಟಿ 1030 ಈ ಲೆಕ್ಕದಲ್ಲಿ ನಿರಾಯಾಸವಾಗಿ ತೇರ್ಗಡೆಯಾಗುತ್ತದೆ. ಅದರ ಜಿಡಿಡಿಆರ್5 ಮೆಮೊರಿ ಇರುವ ಮಾದರಿಗೆ ಬೇಕಾಗುವುದು 30 ವ್ಯಾಟ್ ಮಾತ್ರ. ಕಚೇರಿ ಕೆಲಸಕ್ಕೆ, ವಿಡಿಯೊ ನೋಡುವುದಕ್ಕೆ ಇದರ ಫ್ಯಾನ್‌ರಹಿತ ಮಾದರಿಯನ್ನು ಹಿಂಜರಿಕೆಯಿಲ್ಲದೆ ಆರಿಸಿಕೊಳ್ಳಬಹುದು.

75 ವ್ಯಾಟಿನ ಮಟ್ಟಕ್ಕೆ ಬಂದಾಗ ವಿಷಯ ಸೂಕ್ಷ್ಮವಾಗುತ್ತದೆ. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ ಒದಗಿಸಬಲ್ಲ ವಿದ್ಯುತ್ತಿನ ಮಿತಿಯೂ ಇದೇ. ಪಾಲಿಟ್ ಕಂಪನಿಯ ಜಿಟಿಎಕ್ಸ್ 1050 ಟಿಐ ಕಾಮ್‌ಎಕ್ಸ್ ಕಾರ್ಡ್ ಇಷ್ಟು ಶಾಖವನ್ನು ಫ್ಯಾನ್ ಇಲ್ಲದೆಯೇ ನಿಭಾಯಿಸಲು ಹೊರಟ ಗಟ್ಟಿ ಪ್ರಯತ್ನ. ಹೀಟ್ ಪೈಪ್‌ಗಳು ಚಿಪ್ಪಿನ ಶಾಖವನ್ನು ಅಗಲವಾದ ಅಲ್ಯೂಮಿನಿಯಂ ತಗಡುಗಳ ಸಾಲಿಗೆ ಒಯ್ಯುತ್ತವೆ. ಬಿಸಿ ಗಾಳಿ ತನ್ನಷ್ಟಕ್ಕೆ ಮೇಲೇರಿ ತಂಪು ಗಾಳಿಗೆ ಜಾಗ ಬಿಡಬೇಕಾದ್ದರಿಂದ ಇಂಥ ಹೀಟ್ ಸಿಂಕ್‌ಗಳಲ್ಲಿ ತಗಡುಗಳ ನಡುವೆ ಸಾಕಷ್ಟು ಅಂತರ ಬೇಕು. ಒತ್ತೊತ್ತಾಗಿ ಜೋಡಿಸಿದರೆ ಮೇಲ್ಮೈ ಹೆಚ್ಚಿದರೂ ಗಾಳಿ ಒಳಗೇ ನಿಂತುಬಿಡುತ್ತದೆ. ಇದಕ್ಕಿಂತ ದೊಡ್ಡ ತೊಡಕು ಕಾರ್ಡ್ ಕೂರುವ ಭಂಗಿಯಲ್ಲಿದೆ. ಸಾಮಾನ್ಯ ಟವರ್ ಕ್ಯಾಬಿನೆಟ್‌ನಲ್ಲಿ ಕಾರ್ಡ್ ಅಡ್ಡಲಾಗಿ ಕೂತು ಹೀಟ್ ಸಿಂಕ್ ಕೆಳಮುಖವಾಗಿರುವುದರಿಂದ, ಮೇಲೇರಬೇಕಾದ ಬಿಸಿ ಗಾಳಿಗೆ ಸರ್ಕ್ಯೂಟ್ ಬೋರ್ಡೇ ಅಡ್ಡಬರುತ್ತದೆ. ಕ್ಯಾಬಿನೆಟ್‌ನ ಫ್ಯಾನೊಂದು ನಿಧಾನವಾಗಿಯಾದರೂ ಆ ಗಾಳಿಯನ್ನು ಸರಿಸುತ್ತಿರಬೇಕು. ಇಲ್ಲವಾದರೆ ದೀರ್ಘಕಾಲ ಗೇಮ್ ಆಡುವಾಗ ಚಿಪ್ ಉಷ್ಣತೆಯ ಮಿತಿ ಮುಟ್ಟಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಕಾರ್ಡಿನಲ್ಲಿ ಫ್ಯಾನ್ ಬೇಡವೆಂದರೆ ಅದರ ಕೆಲಸ ಕ್ಯಾಬಿನೆಟ್‌ನ ಪಾಲಿಗೆ ಬರುತ್ತದೆ ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಇದಕ್ಕಿಂತ ಹೆಚ್ಚು ಶಕ್ತಿ ಬೇಕಾದವರಿಗೆ ನಾನು ಫ್ಯಾನ್ ಇರುವ ಕಾರ್ಡನ್ನೇ ಸೂಚಿಸುತ್ತೇನೆ. 450 ವ್ಯಾಟ್ ಬಳಸುವ ಆರ್‌ಟಿಎಕ್ಸ್ 4090ರಂಥ ಕಾರ್ಡನ್ನು ಲೋಹದ ತಗಡುಗಳಷ್ಟರಿಂದಲೇ ತಣಿಸುವುದು ಮನೆಯ ಕ್ಯಾಬಿನೆಟ್‌ನಲ್ಲಿ ಆಗುವ ಮಾತಲ್ಲ. ಸದ್ದಿನ ದೂರು ಕೂಡ ಈಗ ಮೊದಲಿನಷ್ಟಿಲ್ಲ: ಕೆಲಸ ಹಗುರವಾಗಿದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವ ಸೌಲಭ್ಯ ಇಂದಿನ ಹಲವು ಕಾರ್ಡುಗಳಲ್ಲಿದೆ. ಕೊಳ್ಳುವಾಗ ಫ್ಯಾನಿನ ಗಾತ್ರವನ್ನೂ ನೋಡಬೇಕು, ಏಕೆಂದರೆ ಅಷ್ಟೇ ಗಾಳಿ ದೂಡಲು ಚಿಕ್ಕ ಫ್ಯಾನ್ ಹೆಚ್ಚು ವೇಗವಾಗಿ ತಿರುಗಬೇಕಾಗಿ ಕಿರುಗುಟ್ಟುತ್ತದೆ. ದೂಳು ಮಾತ್ರ ಇವುಗಳಿಗೆ ದೊಡ್ಡ ಕಾಟ. ಫ್ಯಾನ್ ಬಿಚ್ಚಿ ನೋಡಿದರೆ ತಗಡುಗಳ ಬಾಯಿಗೆ ಕಂಬಳಿಯಂತೆ ಹೊದ್ದುಕೊಂಡ ಬೂದು ಪದರ ಕಾಣುತ್ತದೆ. ಫ್ಯಾನ್ ಬಿಚ್ಚದೆಯೇ ಅದನ್ನು ಊದಿ ತೆಗೆಯುವಾಗ ಫ್ಯಾನ್ ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಬೇಕು.

ಸರ್ವರ್‌ಗಳಿಗಾಗಿ ಮಾಡಿದ ಎನ್ವಿಡಿಯಾ ಟಿ4 ಕಾರ್ಡಿನ ವಿಷಯವನ್ನೂ ಹೇಳಬೇಕು. 70 ವ್ಯಾಟಿನ ಈ ಕಾರ್ಡಿನಲ್ಲಿ ಫ್ಯಾನ್ ಇಲ್ಲದಿದ್ದರೂ ಇದು ಮೌನ ಕಂಪ್ಯೂಟರಿಗೆ ತಕ್ಕುದಲ್ಲ. ಸರ್ವರಿನ ಬಲವಾದ ಫ್ಯಾನ್‌ಗಳು ತಗಡುಗಳ ನಡುವೆ ಗಾಳಿ ನುಗ್ಗಿಸುತ್ತವೆ ಎಂಬ ಎಣಿಕೆಯಲ್ಲೇ ಇದನ್ನು ರೂಪಿಸಲಾಗಿದೆ. ಹಳೆಯದನ್ನು ಕೊಂಡು ಮನೆಯಲ್ಲಿ ಬಳಸುವವರು ಅದರ ತುದಿಗೆ ಫ್ಯಾನ್ ಕೂರಿಸಿ, ಗಾಳಿ ಆಚೀಚೆ ಸೋರದಂತೆ ಕೊಳವೆಯೊಂದನ್ನು ಜೋಡಿಸಿಕೊಂಡ ಮೇಲೆಯೇ ಕೆಲಸಕ್ಕೆ ಹಚ್ಚಬೇಕು.